ಸತ್ಯಂಕಾರದಿಂದ ಸಂಚಕಾರಕ್ಕೆ: ಶ್ರೀಗಂಧದ ಕಾವಲಿನ ಒಂದು ನಿವೇಶನ

ಕನ್ನಡದಲ್ಲಿ ‘ಸಂಚಕಾರ’ ಎಂಬ ಪದವನ್ನು ನಾವಿಂದು ಆಪತ್ತು, ಕುತ್ತು ಎಂಬ ಅರ್ಥದಲ್ಲಿ ಬಳಸುತ್ತೇವೆ. ‘ಪ್ರಾಣಕ್ಕೆ ಸಂಚಕಾರ’ ಎಂಬುದು ಪತ್ರಿಕೆಗಳ ನಿತ್ಯದ ಮಾತು. ಆದರೆ ಈ ಪದದ ಮೂಲ ಸಂಸ್ಕೃತದ ‘ಸತ್ಯಂಕಾರ’. ಅಮರಕೋಶದ ವೈಶ್ಯವರ್ಗದಲ್ಲಿ ಸತ್ಯಾಪನ, ಸತ್ಯಾಕೃತಿ ಎಂಬ ಪದಗಳ ಜೊತೆಗೆ ಇದು ಸಮಾನಾರ್ಥಕವಾಗಿ ಬರುತ್ತದೆ. ಕೊಳ್ಳುವವನು ಮಾರುವವನಿಗೆ ಮೊದಲೇ ಕೊಡುವ ಹಣ, ಆಡಿದ ಮಾತನ್ನು ಸತ್ಯವಾಗಿಸುವ ಹಣ, ಎಂದು ಇದರ ಅರ್ಥ. ಇದರ ತದ್ಭವವಾದ ಸಂಚಕಾರಕ್ಕೂ ಹಳೆಯ ಅರ್ಥ ಮುಂಗಡ ಹಣವೆಂದೇ. ಮುಂಗಡ ಕೊಟ್ಟ ವಸ್ತು ಒಡೆಯನ ಕೈಬಿಟ್ಟಂತೆಯೇ ಸರಿ. ಹಾಗೆ ಯಮನು ಮುಂಗಡ ಕೊಟ್ಟ ಪ್ರಾಣವೂ ಹೋದಂತೆಯೇ. ಅರ್ಥ ಈ ದಾರಿಯಲ್ಲಿ ತಿರುಗಿರಬೇಕೆಂಬುದು ನನ್ನ ಊಹೆ. ಅರ್ಥಪಲ್ಲಟಕ್ಕೆ ಉದಾಹರಣೆಯಾಗಿ ಈ ಪದವನ್ನು ತರಗತಿಯಲ್ಲಿ ಹಲವು ವರ್ಷ ಪಾಠ ಮಾಡಿದ್ದೇನೆ. ಅದು ನನ್ನನ್ನೇ ಕುರಿತ ಪಾಠವೆಂದು ತಿಳಿದದ್ದು 2017ರಲ್ಲಿ.

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯ ಆಸುಪಾಸಿಗಿರುವ ಶ್ರೀಗಂಧದ ಕಾವಲಿನಲ್ಲಿ ನಮ್ಮ ತಂದೆಯವರು ಮೂವತ್ತು-ನಲವತ್ತರ ಒಂದು ನಿವೇಶನವನ್ನು ಕೊಂಡಿದ್ದರು. ಕಾವಲ್ ಎಂದರೆ ಕಾಯ್ದಿಟ್ಟ ನೆಲ. ಟಿಪ್ಪುವಿನ ಕಾಲದಿಂದ ಮೈಸೂರು ಸೀಮೆಯಲ್ಲಿ ಗಂಧ ರಾಜವೃಕ್ಷ. ಸ್ವಂತ ಹೊಲದಲ್ಲಿ ಬೆಳೆದ ಗಂಧದ ಮರವೂ ರೈತನದಾಗಿರಲಿಲ್ಲ. ನೆಲದ ಒಡೆಯನೇ ಮರದ ಒಡೆಯನೆಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಆ ಹೊತ್ತಿಗೆ ನಮ್ಮ ಕಾವಲಿನಲ್ಲಿ ಹೆಸರಿನಲ್ಲಿದ್ದಷ್ಟು ಗಂಧವೂ ಬೀದಿಗಳಲ್ಲಿ ಉಳಿದಿರಲಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಹೋಗಿಬರುವವರ ಮನೆಗಳು ಒತ್ತೊತ್ತಾಗಿ ಎದ್ದಿದ್ದವು. ನಮ್ಮದು ಕಂದಾಯ ನಿವೇಶನ, ಬಿ ಖಾತೆ. ತಂದೆಯವರು ತೀರಿಕೊಂಡ ಮೇಲೆ ತಂಗಿಗೆ ಅವಳ ಪಾಲು ಕೊಡಬೇಕಾಗಿ ಬಂದು, ಮಾರಲು ನಿಶ್ಚಯಿಸಿದೆವು.

ಆ ಬೀದಿಯ ಚಹಾ ಅಂಗಡಿಯ ಬಳಿ ಹೊಂಗೆಯ ಮರದಡಿ ಕುಳಿತಿರುತ್ತಿದ್ದ ಒಬ್ಬ ಮಧ್ಯವರ್ತಿಗೆ ವಿಷಯ ತಿಳಿಸಿದೆ. ಹಳೆಯ ಕನ್ನಡಿಗರು ಇವರನ್ನು ತರಗುದಾರರೆಂದು ಕರೆಯುತ್ತಿದ್ದರು; ತರಗು ಎಂದರೆ ದಲ್ಲಾಳಿ ಹಣ. ಇಬ್ಬರಿಂದಲೂ ತರಗು ಪಡೆಯುವುದು ನಮ್ಮ ನಗರದ ರೂಢಿ. ಹಾಗಾದರೆ ಅವನು ಯಾರ ಕಡೆಯವನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 2016ರ ರೇರಾ ಕಾಯಿದೆ ಮಧ್ಯವರ್ತಿಗಳ ನೋಂದಣಿಯನ್ನು ಕಡ್ಡಾಯ ಮಾಡಿತಾದರೂ ಅದು ನೋಂದಾಯಿತ ಯೋಜನೆಗಳ ನಿವೇಶನ, ಮನೆಗಳ ಮಾರಾಟಕ್ಕೆ ಅನ್ವಯಿಸುವಂಥದು. ಬೀದಿಯ ಒಂದು ಹಳೆಯ ನಿವೇಶನ ಕೈ ಬದಲಾಗುವಾಗ ಉಳಿಯುವುದು ಪರಸ್ಪರರ ಮಾತು ಮಾತ್ರ.

ಅವನು ಒಂದು ದಂಪತಿಯನ್ನು ಕರೆತಂದ. ಇಬ್ಬರೂ ಕಾರ್ಖಾನೆಯ ನೌಕರರು. ಬೆಲೆ ಕುದುರಿತು. 51,000 ರೂಪಾಯಿ ಮುಂಗಡ ಕೊಟ್ಟರು. ಒಂದು ಬಿಳಿಯ ಹಾಳೆಯ ಮೇಲೆ ಸಹಿ ಮಾಡಿಕೊಟ್ಟೆ. ಆಗ ಮಧ್ಯವರ್ತಿ ನನ್ನೆದುರಿಗೇ ಅವರಿಗೆ ಹೇಳಿದ: ‘ಬಿ ಖಾತೆ, ಬ್ಯಾಂಕ್ ಸಾಲ ಕಷ್ಟ. ಇನ್ನೊಂದು ಮಾತು. ಜೋರು ಮಳೆ ಬಂದ್ರೆ ಮೂಲೆಯ ಮೋರಿ ನೀರು ಸೈಟಿಗೆ ನುಗ್ಗುತ್ತೆ. ಪಾಯ ಎತ್ತರಿಸ್ಬೇಕು.’ ಅವರು ಯೋಚಿಸಿ, ಮರುದಿನ 2 ಲಕ್ಷ ಇಳಿಸಿ ಕೇಳಿದರು. ಒಪ್ಪಿಕೊಂಡೆ. ಒಳಗೊಳಗೇ ಕುದಿದೆ. ನನ್ನಿಂದ ತರಗು ಪಡೆಯುವವನು ನನ್ನ ನೆಲದ ದೋಷವನ್ನು ಹೇಳುವುದೆಂದರೇನು?

ವಾಸ್ತವದಲ್ಲಿ ಆ ಮಾತನ್ನು ಹೇಳಬೇಕಾಗಿದ್ದವನು ನಾನು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ಕಾಣಸಿಗದ ಮುಖ್ಯ ದೋಷವನ್ನು ತಿಳಿಸುವ ಹೊಣೆಯನ್ನು ಮಾರುವವನ ಮೇಲೇ ಹೊರಿಸುತ್ತದೆ. ಬೇಸಿಗೆಯಲ್ಲಿ ಒಣಗಿದ ಮೋರಿಯನ್ನು ನೋಡಿ ಮಳೆಗಾಲವನ್ನು ಊಹಿಸಬಲ್ಲವರು ಯಾರು? ನನ್ನ ಕರ್ತವ್ಯವನ್ನು ಅವನು ಮಾಡಿದ್ದ. ನಾನು ಅದನ್ನು ದ್ರೋಹವೆಂದು ಎಣಿಸಿದೆ.

ವಾರ ಕಳೆಯುವುದರೊಳಗೆ ಇನ್ನೊಬ್ಬ ಮಧ್ಯವರ್ತಿ ಮನೆಗೇ ಬಂದ. ಕಾರು, ಕಚೇರಿ, ಅಚ್ಚುಕಟ್ಟಾದ ಕಾರ್ಡು ಎಲ್ಲವೂ ಇದ್ದವು. ‘ಅವನು ತನ್ನ ತರಗು ಬೇಗ ಸಿಗ್ಲಿ ಅಂತ ನಿಮ್ಮನ್ನ ಅಗ್ಗಕ್ಕೆ ಮುಗಿಸ್ತಿದ್ದಾನೆ ಸಾರ್’ ಎಂದ. ಈ ಆಪಾದನೆ ನಿರಾಧಾರವೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯವರ್ತಿಗಳು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಸುಮಾರು 9.5 ದಿನ ಹೆಚ್ಚು ಕಾದು, ಸುಮಾರು ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಹೊಸಬ 5 ಲಕ್ಷ ಹೆಚ್ಚು ಕೊಡುವವನನ್ನು ತಂದಿದ್ದ. ಮಿತ್ರರು ಕಾನೂನು ಹೇಳಿದರು: ಕ್ರಯದ ಕರಾರೇ ಸ್ವತ್ತಿನಲ್ಲಿ ಹಕ್ಕು ಹುಟ್ಟಿಸುವುದಿಲ್ಲ, ಬಿಳಿಯ ಹಾಳೆಯ ಮಾತೇನು!

ನಾನು ಮಾತು ಮುರಿಯಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ. ಕಾಯಿಸಿದೆ. ಊರಿನಿಂದ ದಾಖಲೆ ಬರಬೇಕು, ತಂಗಿ ಸಹಿ ಹಾಕಬೇಕು ಎಂದು ಮೂರು ವಾರ ತಳ್ಳಿದೆ. ಸಾಲ ಮಾಡಿ ಹಣ ಹೊಂದಿಸಿಕೊಂಡಿದ್ದ ಆ ದಂಪತಿ ಬಡ್ಡಿಗೆ ಹೆದರಿ ತಾವೇ ಹಿಂದೆ ಸರಿದರು. 51,000 ರೂಪಾಯಿಯನ್ನು ಎಣಿಸಿ ಹಿಂದಿರುಗಿಸಿದೆ. ಆಕೆ ‘ಪರವಾಗಿಲ್ಲ ಸಾರ್, ನಮ್ಗೆ ಋಣ ಇರ್ಲಿಲ್ಲ’ ಎಂದರು. ಮೊದಲ ಮಧ್ಯವರ್ತಿ ಏನೂ ಹೇಳಲಿಲ್ಲ. ಹದಿನೈದು ದಿನಗಳಲ್ಲಿ ಹೊಸಬನ ಮೂಲಕ ಕ್ರಯಪತ್ರ ನೋಂದಣಿಯಾಯಿತು. ಕೊಂಡವನು ಮೋರಿಯ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷ ಬೆಂಗಳೂರಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಭಾರಿ ಮಳೆ ಸುರಿಯಿತು. ಒಂದು ಬೆಳಗ್ಗೆ ಹೊಸ ಒಡೆಯ ಫೋನು ಮಾಡಿದ. ಪಾಯಕ್ಕೆಂದು ತಂದಿಟ್ಟ ಸಿಮೆಂಟಿನ ಮೂಟೆಗಳು ಮೋರಿ ನೀರಿನಲ್ಲಿ ಗಟ್ಟಿಯಾಗಿ ಹೋಗಿದ್ದವು. ‘ನೀರು ಬರುತ್ತೆ ಅಂತ ನಿಮ್ಗೆ ಗೊತ್ತಿತ್ತಾ ಸಾರ್?’ ಎಂದು ಕೇಳಿದ. ‘ಈ ವರ್ಷ ಮಳೆ ವಿಪರೀತ’ ಎಂದೆ. ನಾನಾಡಿದ್ದು ಅಕ್ಷರಶಃ ನಿಜ. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಆಡಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಸುಳ್ಳು ದಾಖಲೆ ಮಾಡುವುದು ಕೂಟಲೇಖಕ್ರಿಯೆ; ನಂಬಿ ಇಟ್ಟದ್ದನ್ನು ನುಂಗುವುದು ನ್ಯಾಸಾಪಹಾರ. ಅಂದು ರಾತ್ರಿ ನನ್ನ ತಪ್ಪು ಈ ಐದರಲ್ಲಿ ಯಾವುದೆಂದು ಹುಡುಕಿದೆ. ದಾಖಲೆಗಳು ನೇರವಾಗಿದ್ದವು, ಮುಂಗಡ ಹಿಂದಿರುಗಿಸಿದ್ದೆ. ವರ್ಗೀಕರಣದಲ್ಲಿ ತಪ್ಪಿಸಿಕೊಳ್ಳಲು ಹವಣಿಸುವುದು ನಮ್ಮಂಥ ಓದುಬಲ್ಲವರ ಚಾಳಿ.

ನಮ್ಮ ದಾನಶಾಸನಗಳಲ್ಲಿ ನೆಲದ ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳ ಹೆಸರು, ಕಡೆಗೆ ಶಾಪಾಶಯ ಇರುತ್ತವೆ. ಎಲ್ಲೆಯು ಇಂದಿನ ಕ್ರಯಪತ್ರದ ಚಕ್ಕುಬಂದಿಯಾಗಿ ಉಳಿದಿದೆ. ‘ಸರ್ವಬಾಧಾಪರಿಹಾರ’ದ ಜಾಗಕ್ಕೆ ಋಣಭಾರ ಪತ್ರ ಬಂದಿದೆ. ಆದರೆ ಶಾಸನವು ಊರ ನಡುವೆ, ಎಲ್ಲರ ಕಣ್ಣೆದುರು ನಿಲ್ಲುತ್ತಿತ್ತು. ಬೀದಿಯವರಿಗೆಲ್ಲ ಗೊತ್ತಿದ್ದ ಮೋರಿಯ ನೀರು ಮಾತ್ರ ನನ್ನ ಯಾವ ಪತ್ರದಲ್ಲಿಯೂ ಇರಲಿಲ್ಲ. ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಪೇಟೆಯನ್ನು ಕುರಿತು 1970ರಲ್ಲಿ ಬರೆದ ಪ್ರಬಂಧದ ಸಾರ ಇದು: ಸರಕಿನ ಗುಣ ಮಾರುವವನಿಗಷ್ಟೇ ತಿಳಿದಿರುವಲ್ಲಿ ಒಳ್ಳೆಯ ಸರಕೇ ಪೇಟೆಯಿಂದ ಹೊರಬೀಳುತ್ತದೆ. ಮಧ್ಯವರ್ತಿಗಳ ಪೈಪೋಟಿಯಲ್ಲಿಯೂ ಹೀಗೆಯೇ. ನಿಜ ಹೇಳಿದವನು ತರಗು ಕಳೆದುಕೊಂಡ, ಮೌನವಾಗಿದ್ದವನು ಪಡೆದ. ಪೇಟೆ ಹೀಗೆಂದು ದೂರುವುದು ಸುಲಭ. ಆದರೆ ಅವರಿಬ್ಬರಲ್ಲಿ ಒಬ್ಬನನ್ನು ಆರಿಸಿದ್ದು ಪೇಟೆಯಲ್ಲ, ನಾನು.

ಕಳೆದ ವರ್ಷ ಸಹೋದ್ಯೋಗಿಯೊಬ್ಬರು ಆ ಕಡೆ ಮನೆ ಹುಡುಕುತ್ತಿದ್ದರು. ನಂಬಿಕಸ್ಥ ಮಧ್ಯವರ್ತಿ ಬೇಕೆಂದಾಗ ಹೊಂಗೆಯ ಮರದವನ ಗುರುತು ಹೇಳಿದೆ. ಅವರು ಹಿಂದಿರುಗಿ ನಗುತ್ತ ಹೇಳಿದರು: ‘ನಿಮ್ಮ ಹೆಸರು ಹೇಳಿದೆ. ಮಾರುವವರು ಆ ಮೇಷ್ಟ್ರಾ ಅಂತ ಮೊದಲು ಕೇಳಿದ. ಅಲ್ಲ ಅಂದ ಮೇಲೇ ಎದ್ದು ಬಂದ.’

ನಾನೂ ನಕ್ಕೆ. ಅದೇಕೆ ಹಾಗೆ ಕೇಳಿದನೆಂದು ಅವರಿಗೆ ಇಂದಿಗೂ ಹೇಳಿಲ್ಲ.