ಎಂಬಿಎ ಪ್ರತಿಜ್ಞೆ
ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಕ್ಲಾಸು ಶುರುವಾಗುವುದು ಉಪನ್ಯಾಸದಿಂದಲ್ಲ. ಸುಮಾರು 90 ಮಂದಿ ಕೂತ ಗ್ಯಾಲರಿಯತ್ತ ಕಣ್ಣಾಡಿಸಿ ಮೇಷ್ಟ್ರು ಯಾರದೋ ಹೆಸರು ಕರೆಯುತ್ತಾರೆ: ಈ ಕಂಪನಿ ನಿಮ್ಮ ಕೈಲಿದ್ದಿದ್ದರೆ ಏನು ಮಾಡ್ತಿದ್ರಿ? ರಾತ್ರಿಯೆಲ್ಲ ಆ ಕಂಪನಿಯ ಕೇಸ್ ಓದಿ ಬಂದವರೂ ಒಂದು ಗಳಿಗೆ ತಬ್ಬಿಬ್ಬು. ಎಷ್ಟೋ ವಿಷಯಗಳಲ್ಲಿ ಅರ್ಧದಷ್ಟು ಅಂಕ ಹೀಗೆ ಬಾಯಿ ಬಿಟ್ಟು ಮಾತಾಡುವುದಕ್ಕೇ.

ಧೈರ್ಯ ಬರುತ್ತೆ, ಸರಿ. ವಿವೇಕ? ಲೆಕ್ಕಪತ್ರ ವಂಚನೆಯಿಂದ ಕುಸಿದ ಎನ್‌ರಾನ್ ಕಂಪನಿಯ ಮುಖ್ಯಸ್ಥರಾಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಕೂಡ 1979ರಲ್ಲಿ ಇಲ್ಲಿಂದಲೇ ಪಾಸಾಗಿ ಹೋದವರು.

2008ರ ಆರ್ಥಿಕ ಕುಸಿತದ ಮರುವರ್ಷ ಇಲ್ಲಿನ ವಿದ್ಯಾರ್ಥಿಗಳೇ ಸೇರಿ, ವೈದ್ಯರಿಗಿರುವಂಥದ್ದೇ ಒಂದು ಎಂಬಿಎ ಪ್ರತಿಜ್ಞೆ ಬರೆದರು. ಒಳ್ಳೆಯದೇ. ಆದರೆ ತಪ್ಪಿ ನಡೆದ ವೈದ್ಯರ ಲೈಸೆನ್ಸ್ ರದ್ದಾಗಬಹುದು. ಮ್ಯಾನೇಜರಿಗೆ ಕಳೆದುಕೊಳ್ಳೋಕೆ ಅಂಥ ಲೈಸೆನ್ಸೇ ಇಲ್ವಲ್ಲ!