ಎಲೆ ತಿನ್ನುವವು, ಕಾಳು ತಿನ್ನುವವು

ವಿಜಾಪುರ ಸೀಮೆಯ ಮೋರಟಗಿಯಲ್ಲಿ ನಾವು ಬೆಳೆದ ಕಾಲಕ್ಕೆ ಹುಳಗಳಲ್ಲಿ ಎರಡೇ ಜಾತಿ. ಹೊಲದಲ್ಲಿ ಎಲೆ ತಿನ್ನುವವು, ಮನೆಯಲ್ಲಿ ಕಾಳು ತಿನ್ನುವವು. ಹೊಲದ ಹುಳಕ್ಕೆ ಪುಡಿ ಹೊಡೆಯುವುದು ಗಂಡಸರ ಕೆಲಸ. ಮನೆಯ ಹುಳಕ್ಕೆ ಬೂದಿ, ಬೇವು, ಬಿಸಿಲು ನೋಡಿಕೊಳ್ಳುವುದು ಹೆಂಗಸರದು. 1980ರ ದಶಕದ ಮಾತಿದು. ಎರೆ ಹೊಲ, ಮಳೆ ನೆಚ್ಚಿದ ಒಕ್ಕಲುತನ, ಏನು ಬೇಕಾದರೂ ಸಿಂದಗಿಗೆ ಹೋಗಬೇಕು. ಸವತಿ ಬಳ್ಳಿಯ ಎಲೆ ಕಡಿಯುವ ಕೆಂಪು ಹುಳಕ್ಕೂ ತೊಗರಿ ಕಾಳಿಗೆ ದುಂಡನೆಯ ತೂತು ಕೊರೆಯುವ ಕಂದು ಹುಳಕ್ಕೂ ನಂಟಿದೆ ಎಂದು ಆಗ ಯಾರಾದರೂ ಅಂದಿದ್ದರೆ ಊರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಪುಸ್ತಕಗಳಲ್ಲೂ ಅವು ಬೇರೆ ಬೇರೆಯಾಗಿಯೇ ಇದ್ದವು. ಕಾಳಿನ ಹುಳಗಳಿಗೆ ಬ್ರೂಕಿಡೆ ಎಂಬ ಪ್ರತ್ಯೇಕ ಕುಟುಂಬವಿತ್ತು. ಈಗ ಅವನ್ನು ಎಲೆದುಂಬಿಗಳ ಕುಟುಂಬವಾದ ಕ್ರೈಸೊಮೆಲಿಡೆಯ ಒಳಗೆ ಒಂದು ಉಪಕುಟುಂಬವಾಗಿ ಸೇರಿಸಿದ್ದಾರೆ. ಅವಕ್ಕೆ ತೀರ ಹತ್ತಿರದ ಸಂಬಂಧಿಗಳು ಸಾಗ್ರಿನೆ ಗುಂಪಿನವು: ಸಹ್ಯಾದ್ರಿಯ ಕಾಡಲ್ಲಿ ಸಿಗುವ, ಕಪ್ಪೆಯಂತೆ ದಪ್ಪ ಹಿಂಗಾಲಿನ, ಲೋಹದ ಹೊಳಪಿನ ದೊಡ್ಡ ದುಂಬಿಗಳು. ಮಲೆನಾಡಿನ ಆ ಚೆಲುವ ಹುಳ, ನಮ್ಮ ಡಬ್ಬಿಯ ತೊಗರಿಯಲ್ಲಿ ಹುಟ್ಟುವ ಈ ಮಂಕು ಹುಳ, ಎರಡೂ ಒಂದೇ ಮನೆತನದವು.

ಮನೆತನ ಸಣ್ಣದಲ್ಲ. ಫ್ರಾನ್ಸಿನ ಲಾತ್ರೈ 1802ರಲ್ಲಿ ಈ ಕುಟುಂಬವನ್ನು ಹೆಸರಿಸಿದ. ಇಲ್ಲಿಯವರೆಗೆ ಹೆಸರು ಪಡೆದ ಪ್ರಭೇದಗಳೇ 35,000ಕ್ಕೂ ಹೆಚ್ಚು. ಅವನ್ನು ಹತ್ತು-ಹನ್ನೆರಡು ಉಪಕುಟುಂಬಗಳಲ್ಲಿ ಹಂಚಿದ್ದಾರೆ, ಆ ಹಂಚಿಕೆ ಇನ್ನೂ ಬದಲಾಗುತ್ತಲೇ ಇದೆ. ಮುಳ್ಳು ಮೈಯ ಹಿಸ್ಪಾಗಳಿಗೂ ಆಮೆಚಿಪ್ಪಿನ ದುಂಬಿಗಳಿಗೂ ಮೊದಲು ಬೇರೆ ಬೇರೆ ಉಪಕುಟುಂಬ; ಈಗ ಎರಡೂ ಕ್ಯಾಸಿಡಿನೆ. ಚಿಮ್ಮಿ ಹಾರುವ ಚಿಗಟದುಂಬಿಗಳನ್ನು ಬಹಳ ಜನ ಗೆಲೆರುಸಿನೆಯಲ್ಲೇ ಸೇರಿಸುತ್ತಾರೆ.

ಇಷ್ಟು ಬಗೆಯ ಹುಳಗಳನ್ನು ಒಟ್ಟಿಗೆ ಹಿಡಿಯುವ ಗುರುತುಗಳಲ್ಲಿ ಒಂದು ಕಾಲಿನಲ್ಲಿದೆ. ಹುಳವನ್ನು ಅಂಗಾತ ಮಲಗಿಸಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಪಾದ ನೋಡಬೇಕು. ಪಾದದ ಮೂರನೆಯ ಗೆಣ್ಣು ಎರಡು ಹೋಳಾಗಿ ಅಗಲವಾಗಿರುತ್ತದೆ, ಅದರ ಅಡಿಯಲ್ಲಿ ದಟ್ಟ ಕೂದಲಿನ ಮೆತ್ತೆ. ನುಣ್ಣನೆಯ ಎಲೆಯ ಮೇಲೆ ಹುಳ ಜಾರದಿರುವುದು ಆ ಮೆತ್ತೆಯಿಂದ. ನಾಲ್ಕನೆಯ ಗೆಣ್ಣು ಆ ಎರಡು ಹೋಳುಗಳ ನಡುವೆ ಅಡಗಿ ಕೂತಿರುತ್ತದೆ, ಎಷ್ಟು ಸಣ್ಣದೆಂದರೆ ಹುಡುಕಬೇಕು. ಹಾಗಾಗಿ ಐದು ಗೆಣ್ಣಿನ ಪಾದ ನಾಲ್ಕೇ ಗೆಣ್ಣಿನದರಂತೆ ಕಾಣುತ್ತದೆ. ಉದ್ದ ಮೀಸೆಯ ಕಾಂಡಕೊರಕ ದುಂಬಿಗಳ ಪಾದವೂ ಹೀಗೆಯೇ, ಆದರೆ ಅವುಗಳ ಮೀಸೆ ಬಹುಮಟ್ಟಿಗೆ ಮೈಯಷ್ಟು ಅಥವಾ ಮೈಗಿಂತ ಉದ್ದ. ಎಲೆದುಂಬಿಯದು ಸಾಮಾನ್ಯವಾಗಿ ಮೋಟು. ಗುಲಗಂಜಿ ಹುಳದ ಪಾದ ನೋಟಕ್ಕೆ ಮೂರೇ ಗೆಣ್ಣಿನದು. ನಮ್ಮ ಸೀಮೆಯಲ್ಲಿ ಈ ಕಡೆಯ ವ್ಯತ್ಯಾಸ ಗೊತ್ತಿರಬೇಕು. ಬದನೆ ಎಲೆ ಕೆರೆಯುವ ಕೆಲವನ್ನು ಬಿಟ್ಟರೆ, ಕುಸುಬಿಗೆ ಹತ್ತುವ ಹೇನನ್ನು ತಿಂದು ಕಡಿಮೆ ಮಾಡುವುದು ಈ ಗುಲಗಂಜಿ ಹುಳಗಳೇ. ದುಂಡಗಿರುವ, ಬಣ್ಣ ಹೊಳೆಯುವ ಎಲ್ಲವಕ್ಕೂ ಒಂದೇ ಪುಡಿ ಎರಚುತ್ತಿದ್ದ ಕಾಲದಲ್ಲಿ ಅವೂ ಜೊತೆಗೆ ಸತ್ತವು. ಆಗಿನ ಪುಡಿ ಬಿ.ಎಚ್.ಸಿ. ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಹೊಡೆಯುತ್ತಿದ್ದರು. 1997ರಲ್ಲಿ ದೇಶದಲ್ಲಿ ಅದನ್ನು ನಿಷೇಧಿಸಲಾಯಿತು. ಹಳೆಯ ದಿನಗಳು ಎಲ್ಲಾ ವಿಷಯದಲ್ಲಿ ಶುದ್ಧವಾಗಿದ್ದವು ಎನ್ನುವವರು ಈ ಪುಡಿಯ ವಾಸನೆ ಮರೆತಿದ್ದಾರೆ.

ಕಾಳಿನ ಹುಳದ ವಿಷಯದಲ್ಲಿ ಹೆಂಗಸರು ನಿಜಕ್ಕೂ ಬಲ್ಲವರಾಗಿದ್ದರು. ರಾಶಿ ಮುಗಿದ ಮೇಲೆ ತೊಗರಿಗೆ ಕೆಮ್ಮಣ್ಣಿನ ನೀರು ಹಚ್ಚಿ ಒಣಗಿಸುತ್ತಿದ್ದರು. ಬೇಳೆ ಮಾಡುವ ಮೊದಲು ಸಿಪ್ಪೆ ಸುಲಭವಾಗಿ ಬಿಡಲೆಂದೂ ಆಯಿತು, ಇಟ್ಟ ಕಾಳಿಗೆ ರಕ್ಷಣೆಯೂ ಆಯಿತು. ಹೆಸರು, ಮಡಕಿ, ಅಲಸಂದಿಗೆ ಸೋಸಿದ ಬೂದಿ. ಬೇಳೆಗೆ ಹರಳೆಣ್ಣೆಯ ಕೈ ಆಡಿಸುತ್ತಿದ್ದರು. ಜೋಳ ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು, ಹಗೇವಿನ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಇದೆಲ್ಲ ಏಕೆ ಕೆಲಸ ಮಾಡುತ್ತಿತ್ತು ಎಂಬುದು ಹುಳದ ಬಾಳು ನೋಡಿದರೆ ತಿಳಿಯುತ್ತದೆ. ತಾಯಿ ಹುಳ ಮೊಟ್ಟೆಯನ್ನು ಕಾಳಿನ ಮೇಲೆ ಅಂಟಿಸುತ್ತದೆ, ಎಷ್ಟೋ ಸಲ ಹೊಲದಲ್ಲೇ, ಬಲಿತ ಕಾಯಿಯ ಮೇಲೆ. ಮರಿ ಹೊರಗೆ ಬಂದು ಓಡಾಡುವುದಿಲ್ಲ. ಮೊಟ್ಟೆಯ ತಳದಿಂದಲೇ ನೇರ ಕಾಳಿನೊಳಗೆ ಕೊರೆದು ಇಳಿಯುತ್ತದೆ. ಕೊರೆದ ಹುಡಿ ಹಿಂದಿನ ಖಾಲಿ ಮೊಟ್ಟೆಯಲ್ಲಿ ತುಂಬಿಕೊಂಡು ಅದು ಬೆಳ್ಳಗೆ ಕಾಣುತ್ತದೆ. ಕಾಳಿನ ಮೇಲಿನ ಬಿಳಿ ಚುಕ್ಕೆ ಎಂದು ನಾವು ಉಗುರಿನಿಂದ ಕೆರೆಯುತ್ತಿದ್ದುದು ಅದನ್ನೇ. ಒಳಗೆ ಉಂಡು, ಕೋಶವಾಗಿ, ಕೊನೆಗೆ ಸಿಪ್ಪೆಯನ್ನು ದುಂಡಗೆ ಕತ್ತರಿಸಿ ಮುಚ್ಚಳ ತಳ್ಳಿ ಹೊರಬರುತ್ತದೆ. ಬೇಸಿಗೆಯ ಸೆಕೆಯಲ್ಲಿ ಇಷ್ಟಕ್ಕೆಲ್ಲ ಒಂದು ತಿಂಗಳು ಸಾಕು. ಹೊರಬಂದ ಹುಳ ಏನನ್ನೂ ತಿನ್ನದೆ ಮತ್ತೆ ಮೊಟ್ಟೆ ಇಡಬಲ್ಲದು. ಎಣ್ಣೆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ, ಬೂದಿ ಹುಳ ಕಾಳುಗಳ ನಡುವೆ ನುಸುಳದಂತೆ ಮಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಗಾಳಿಯನ್ನು ಮುಗಿಸುತ್ತದೆ, ಹುಳಕ್ಕೆ ಏನೂ ಉಳಿಯುವುದಿಲ್ಲ.

ಈಗ ಊರಲ್ಲಿ ಹಗೇವು ಬಳಸುವವರಿಲ್ಲ. ತೊಗರಿ ರಾಶಿಯಾದ ವಾರದೊಳಗೆ ಮಾರುಕಟ್ಟೆಗೆ ಹೋಗುತ್ತದೆ, ಮನೆಗೆ ಬೇಕಾದ ಬೇಳೆ ಪ್ಯಾಕೆಟ್‌ನಲ್ಲಿ ಬರುತ್ತದೆ. ಮನೆಯಲ್ಲಿ ಉಳಿಸಿಕೊಂಡವರು ಕಾಳಿನ ಚೀಲದಲ್ಲಿ ಗುಳಿಗೆ ಇಡುತ್ತಾರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮಲಗುವ ಕೋಣೆಯಲ್ಲಿದ್ದರೆ ಜೀವ ತೆಗೆಯುತ್ತದೆ. ಗಾಳಿಯಾಡದ ಮೂರು ಪದರದ ಚೀಲಗಳು ಬಂದಿವೆ, ಹಗೇವಿನ ತತ್ವವೇ ಅವುಗಳದ್ದು. ಮನೆಮಂದಿ ಮಲಗುವ ಕಡೆ ಗುಳಿಗೆ ಇಡುವುದಕ್ಕಿಂತ ಅವು ನೂರು ಪಾಲು ಮೇಲು, ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಹೊಲದ ಹುಳಗಳು ಹೊಲದೊಂದಿಗೆ ಬದಲಾದವು. ಆಗ ಜೋಳದ ಸಾಲು, ಸಜ್ಜೆಯ ಸಾಲುಗಳ ನಡುವೆ ಅಕ್ಕಡಿ: ತೊಗರಿ, ಹೆಸರು, ಮಡಕಿ, ಪುಂಡಿ, ಗುರೆಳ್ಳು, ಅಂಚಿಗೆ ಅಗಸಿ ಕುಸುಬಿ, ಎಲ್ಲೋ ಒಂದು ಕಡೆ ಹಬ್ಬಿದ ಸವತಿ ಬಳ್ಳಿ. ಎಲೆದುಂಬಿಗಳಲ್ಲಿ ಬಹಳಷ್ಟು ತಮ್ಮ ತಮ್ಮ ಗಿಡಕ್ಕೆ ಅಂಟಿಕೊಂಡವು. ಗಿಡಗಳ ಬಗೆ ಹೆಚ್ಚಿದ್ದಲ್ಲಿ ಅವುಗಳ ಬಗೆಯೂ ಹೆಚ್ಚು. ಪುಂಡಿ ಪಲ್ಯಕ್ಕೆ ಎಲೆ ಕೀಳಲು ಹೋದರೆ ಅರ್ಧ ಎಲೆಗಳಲ್ಲಿ ಸಾಸಿವೆ ಗಾತ್ರದ ತೂತುಗಳು. ಮುಟ್ಟುವಷ್ಟರಲ್ಲಿ ಚಿಮ್ಮಿ ಕಾಣೆಯಾಗುವ ನಿಸೊಟ್ರಾ ಎಂಬ ಚಿಗಟದುಂಬಿಯ ಕೆಲಸ ಅದು. ಬೆಂಡೆಗೂ ಅದೇ ಹತ್ತುತ್ತದೆ, ಏಕೆಂದರೆ ಪುಂಡಿ, ಬೆಂಡೆ ಒಂದೇ ಸಸ್ಯಕುಟುಂಬದವು. ಆ ದುಂಬಿಯ ಹಿಂದೊಡೆಯ ಒಳಗೆ ಸುರುಳಿ ಸ್ಪ್ರಿಂಗಿನಂಥ ಒಂದು ಗಟ್ಟಿ ರಚನೆಯಿದೆ. ನೆಗೆತದ ಬಲ ಅದರಲ್ಲಿ. ಹೆಸರಿನ ಎಲೆಗೆ ದುಂಡು ದುಂಡಾಗಿ ತೂತು ಹಾಕುತ್ತಿದ್ದುದು ಮದುರೇಸಿಯಾ ಎಂಬ ಇನ್ನೊಂದು ಸಣ್ಣ ಕಂದು ದುಂಬಿ. ಅದರ ಮರಿ ಮಣ್ಣೊಳಗೆ ಬೇರಿನ ಗಂಟು ತಿನ್ನುತ್ತದೆ, ಸಾರಜನಕ ಹಿಡಿದಿಡುವ ಅದೇ ಗಂಟು. ಸವತಿಯ ಕೆಂಪು ದುಂಬಿಯೂ ಹಾಗೆಯೇ, ದೊಡ್ಡದು ಎಲೆ ತಿಂದರೆ ಮರಿ ಬೇರು ತಿನ್ನುತ್ತದೆ. ಬಳ್ಳಿ ಎರಡೆಲೆಯಲ್ಲಿದ್ದಾಗ ಬಂದರೆ ಮತ್ತೆ ಬಿತ್ತಬೇಕು. ಬೆಳಗಿನ ಇಬ್ಬನಿಯಲ್ಲಿ ಬೂದಿ ಉದುರಿಸುತ್ತಿದ್ದರು.

ಅಕ್ಕಡಿ ಈಗ ಕೆಲವೇ ಹೊಲಗಳಲ್ಲಿದೆ. ಮಳೆಯ ಹೊಲದಲ್ಲಿ ಬರೀ ತೊಗರಿ ಅಥವಾ ಹತ್ತಿ. ಇಂಡಿ ಶಾಖಾ ಕಾಲುವೆಯ ನೀರು ಮುಟ್ಟಿದ ಕಡೆ ಕಬ್ಬು. ಗುರೆಳ್ಳು, ಅಗಸಿ ಹುಡುಕಿದರೂ ಸಿಗುವುದು ಕಷ್ಟ. ಆ ಗಿಡಗಳನ್ನೇ ನೆಚ್ಚಿದ ಹುಳಗಳು ಕಡಿಮೆಯಾದವೆಂದು ನಾನು ಮರುಗುವುದಿಲ್ಲ, ರೈತನಿಗೆ ಅವು ಯಾವತ್ತೂ ಬೇಡವಾಗಿದ್ದವು. ಗಿಡ ಹೋಗಿದ್ದಕ್ಕೆ ಬೇಸರವಿದೆ, ಅಗಸಿ ಚಟ್ನಿ ಈಗ ಅಂಗಡಿಯ ಸರಕಾಯಿತು.

ಎಲೆದುಂಬಿಗಳಲ್ಲಿ ನಮಗೆ ಬೇಕಾದದ್ದು ಒಂದೇ, ಅದು ಈ ನೆಲದ್ದಲ್ಲ. ಕಾಂಗ್ರೆಸ್ ಕಸ 1955ರ ಹೊತ್ತಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಅಲ್ಲಿಂದ ಹಬ್ಬುತ್ತ ಬಂದು ನಮ್ಮ ಒಡ್ಡು, ಬಯಲು, ಶಾಲೆಯ ಅಂಗಳ ತುಂಬಿತು. ಕಿತ್ತವರ ಕೈ ತುರಿಕೆ, ಕಣ್ಣು ಬಾವು, ಹೂ ಬಿಟ್ಟಾಗ ದಮ್ಮು. ಈ ಕಸದ ತವರು ಮೆಕ್ಸಿಕೊ ಕಡೆ. ಅಲ್ಲಿ ಇದನ್ನು ತಿನ್ನುವ ಜೈಗೊಗ್ರಾಮಾ ಬೈಕಲರೇಟಾ ಎಂಬ ಎಲೆದುಂಬಿಯನ್ನು 1983ರಲ್ಲಿ ಬೆಂಗಳೂರಿಗೆ ತಂದು, ಬೇರೆ ಬೆಳೆಗಳನ್ನು ತಿನ್ನುತ್ತದೆಯೇ ಎಂದು ಪರೀಕ್ಷಿಸಿ, 1984ರಲ್ಲಿ ಬಯಲಿಗೆ ಬಿಟ್ಟರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ಆರು ಮಿಲಿಮೀಟರಿನ ಹುಳ, ಕೆನೆಬಣ್ಣದ ಬೆನ್ನ ಮೇಲೆ ಅಂಕುಡೊಂಕಾದ ಕಂದು ಪಟ್ಟೆಗಳು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಕಸದ ಗಿಡಗಳು ಎಲೆ ಕಳೆದುಕೊಂಡು ಬರೀ ಕಡ್ಡಿಯಾಗಿ ನಿಂತವು.

ಅಷ್ಟರಲ್ಲಿ 1990ರ ದಶಕದ ಆರಂಭಕ್ಕೆ ಇನ್ನೊಂದು ಸುದ್ದಿ ಎದ್ದಿತು: ಹುಳ ಸೂರ್ಯಕಾಂತಿಯನ್ನೂ ತಿನ್ನುತ್ತಿದೆ. ನಮ್ಮ ಕಡೆ ಸೂರ್ಯಪಾನ ಎನ್ನುವ ಆ ಬೆಳೆ ಆಗ ವಿಜಾಪುರ, ರಾಯಚೂರು ಸೀಮೆಯ ರೊಕ್ಕದ ಬೆಳೆ. ಕಸ ತೆಗೆಯಲು ಹೋಗಿ ಎಣ್ಣೆಕಾಳು ಕಳೆದುಕೊಳ್ಳುತ್ತೇವೆ ಎಂಬ ಭಯ ಸುಳ್ಳು ಭಯವಾಗಿರಲಿಲ್ಲ. ಕಾಂಗ್ರೆಸ್ ಕಸವೂ ಸೂರ್ಯಕಾಂತಿಯೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು, ಅದರಲ್ಲೂ ಒಂದೇ ಪಂಗಡದವು. ಹುಳದ ಕಡೆಯಿಂದಲೂ ಹೆದರಿಕೆಗೆ ಕಾರಣವಿತ್ತು: ಅಮೆರಿಕ, ಯುರೋಪುಗಳ ಆಲೂಗಡ್ಡೆ ಬೆಳೆಗಾರರನ್ನು ಕಾಡಿದ ಕೊಲರಾಡೊ ದುಂಬಿ ಇದೇ ಉಪಕುಟುಂಬದ ಹತ್ತಿರದ ನೆಂಟ, ಕಾಡುಗಿಡ ಬಿಟ್ಟು ಬೆಳೆಗೆ ಹಾರಿದ ಹುಳ ಅದು. ಕೇಂದ್ರ ಸರ್ಕಾರ ಸಮಿತಿ ಮಾಡಿತು, ಹುಳ ಬಿಡುವುದನ್ನು ನಿಲ್ಲಿಸಲಾಯಿತು.

ಜಯಂತ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಉತ್ತರ ನನಗೆ ಇಂದಿಗೂ ಮೆಚ್ಚುಗೆ. ಹೊಲದ ಅಂಚಿನ ಕಸದ ಪರಾಗ ಗಾಳಿಯಲ್ಲಿ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಕೂರುತ್ತದೆ. ಆ ಪರಾಗವೇ ಹುಳಕ್ಕೆ ತಿನ್ನುವ ಪ್ರೇರಣೆ ಕೊಡುತ್ತದೆ. ಅಂದರೆ ಸೂರ್ಯಕಾಂತಿ ಕಡಿದ ಹುಳ ಹುಡುಕುತ್ತಿದ್ದುದು ಕಾಂಗ್ರೆಸ್ ಕಸವನ್ನೇ. ಒಡ್ಡಿನ ಕಸ ತೆಗೆದರೆ ಬೆಳೆಗೆ ಭಯವಿಲ್ಲ. 1990ರ ದಶಕದ ಕೊನೆಗೆ ತಡೆ ಸರಿಯಿತು. ಯಾವ ಹುಳ ಯಾವ ಗಿಡವನ್ನು, ಏಕೆ ತಿನ್ನುತ್ತದೆ ಎಂದು ವಿಂಗಡಿಸಿ ನೋಡುವ ಕೆಲಸ ಪ್ರಯೋಗಾಲಯದವರ ಹವ್ಯಾಸವಲ್ಲ ಎಂದು ನನಗೆ ಮನದಟ್ಟಾದದ್ದು ಈ ಪ್ರಕರಣದಿಂದ. ಸೂರ್ಯಕಾಂತಿ ಆಮೇಲೆ ನಮ್ಮಲ್ಲಿ ಬಹಳ ಕುಗ್ಗಿತು, ಅದು ಈ ಹುಳದಿಂದಲ್ಲ. ನೆಕ್ರೋಸಿಸ್ ನಂಜುರೋಗ ಮತ್ತು ಬೆಲೆ, ಎರಡೂ ಸೇರಿ ರೈತರನ್ನು ಬಿಡಿಸಿದವು.

ಹೀಗೆ ವಿಂಗಡಿಸುವ ಕೆಲಸಕ್ಕೆ ನೂರು ವರ್ಷದ ತಳಪಾಯವಿದೆ. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಮಾರ್ಟಿನ್ ಜಾಕೊಬಿಯ ಎಲೆದುಂಬಿ ಸಂಪುಟ 1908ರಲ್ಲಿ ಬಂತು. ಅದರ ಪುಟಗಳಲ್ಲಿ ಬೆಳಗಾವಿ, ಕೆನರಾ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸಂಗ್ರಹಿಸಿದವರು ಹೆಚ್ಚಾಗಿ ತಿರುಗಿದ್ದು ಘಟ್ಟದ ಕಾಡುಗಳಲ್ಲಿ. ಮುಂದಿನ ಮೂರು ಸಂಪುಟಗಳನ್ನು 1919, 1926, 1936ರಲ್ಲಿ ಬರೆದವರು ಬಂಗಾಳದ ಸಮರೇಂದ್ರ ಮೌಲಿಕ್. ಎರೆ ಸೀಮೆಯತ್ತ ಆ ಕಾಲದ ಬಲೆ ಹೆಚ್ಚು ಬೀಸಲಿಲ್ಲ. ಮಳೆ ಕಡಿಮೆ, ಮರ ಕಡಿಮೆ, ಇಲ್ಲೇನಿದ್ದೀತು ಎಂಬ ಎಣಿಕೆ. ಇಲ್ಲಿ ಎಕ್ಕೆಗಿಡದ ಮೇಲೆ ಪ್ಲಾಟಿಕೊರೈನಸ್ ಕೂರುತ್ತದೆ, ನೀಲಿ-ಹಸಿರು-ತಾಮ್ರ ಒಟ್ಟಿಗೆ ಹೊಳೆಯುವ ಹುಳ. ಎಕ್ಕೆಯ ಹಾಲು ಬೇರೆ ಪ್ರಾಣಿಗೆ ವಿಷ, ಅದು ನಿಶ್ಚಿಂತೆಯಿಂದ ಮೇಯುತ್ತದೆ. ಕಾಲುವೆ ಬಂದ ಮೇಲೆ ದಂಡೆಯಲ್ಲಿ ನೇರಳೆ ಹೂವಿನ ಬೇಶರಂ ಗಿಡ ಹಬ್ಬಿತು, ಅದರ ಎಲೆಗೆ ಆಮೆದುಂಬಿಗಳು ಬಂದವು. ಅವುಗಳಲ್ಲಿ ಒಂದು ಬದುಕಿದ್ದಾಗ ಅಪ್ಪಟ ಬಂಗಾರ. ಚಿಪ್ಪಿನ ಪದರಗಳ ನಡುವಿನ ತೇವ ಆ ಬಣ್ಣ ಕೊಡುತ್ತದೆ, ಹುಳ ಸತ್ತು ಒಣಗಿದರೆ ಬರೀ ಕಂದು. ಮರಿಗಳು ತಾವು ಬಿಟ್ಟ ಪೊರೆ ಮತ್ತು ಹಿಕ್ಕೆಯನ್ನು ಬಾಲದ ಕವಲಿನ ಮೇಲೆ ಹೊತ್ತುಕೊಂಡು ತಿರುಗುತ್ತವೆ, ಇರುವೆ ಬಂದರೆ ಅದನ್ನೇ ಅಡ್ಡ ಹಿಡಿಯುತ್ತವೆ.

ಹೊಸ ಬೆಳೆಗೆ ಹೊಸ ತಂಟೆ. ವಿಜಾಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಚಾಟನಿ ಮುಗಿದು ಮೊಗ್ಗು ಉಬ್ಬುವ ವಾರದಲ್ಲಿ ಸ್ಕೆಲೊಡೊಂಟಾ ಬರುತ್ತದೆ. ಗಡಿಯಾಚೆ ಸೊಲ್ಲಾಪುರ, ಸಾಂಗಲಿಯವರು ಉಡದ್ಯಾ ಎನ್ನುವ ಹುಳ ಇದೇ. ಇದನ್ನು ಚಿಗಟದುಂಬಿ ಎಂದೇ ಕೈಪಿಡಿಗಳು ಬರೆಯುತ್ತವೆ, ನಿಜದಲ್ಲಿ ಅದು ಎಕ್ಕೆಯ ಹುಳವೂ ಸೇರಿದ ಯುಮೊಲ್ಪಿನೆ ಗುಂಪಿನದು. ಪುಂಡಿಯ ಹುಳಕ್ಕಿರುವಂಥ ಸ್ಪ್ರಿಂಗು ಇದರ ತೊಡೆಯಲ್ಲಿಲ್ಲ. ಗಿಡ ಅಲುಗಿದರೆ ಕೈಕಾಲು ಮಡಚಿ ಕೆಳಗೆ ಬೀಳುತ್ತದೆ. ಬಳ್ಳಿಯ ಕೆಳಗೆ ಬಟ್ಟೆ ಹಾಸಿ ಅಲ್ಲಾಡಿಸಿ ಹಿಡಿದು ಕೊಲ್ಲುವ ಹಳೆಯ ಉಪಾಯ ನಡೆಯುವುದು ಇದರಿಂದಲೇ. ಬುಡದ ಸಡಿಲ ತೊಗಟೆ ಸುಲಿದರೆ ಮೊಟ್ಟೆ ಇಡಲು ಜಾಗ ತಪ್ಪುತ್ತದೆ.

ಮತ್ತೆ ಕಾಂಗ್ರೆಸ್ ಕಸದ ಹುಳಕ್ಕೆ ಬಂದರೆ, ಅದು ಮಳೆಗಾಲದ್ದು. ಜೂನಿನಲ್ಲಿ ನೆಲ ಒದ್ದೆಯಾದಾಗ ಮಣ್ಣಿನಿಂದ ಎದ್ದು, ದೀಪಾವಳಿಯ ನಂತರ ಒಣಗಾಳಿ ಹಿಡಿದಾಗ ಮತ್ತೆ ಮಣ್ಣಿಗೆ ಇಳಿದು ಮಲಗುತ್ತದೆ. ಮೊದಲು ಕಸವೂ ಆ ಹೊತ್ತಿಗೆ ಒಣಗುತ್ತಿತ್ತು. ಈಗ ಕಾಲುವೆ, ಕಬ್ಬಿನ ಗದ್ದೆಗಳ ತೇವದಲ್ಲಿ ಜನವರಿ, ಫೆಬ್ರವರಿಗೂ ಕಸ ಹಸಿರಾಗಿ ಹೂ ಬಿಟ್ಟಿರುತ್ತದೆ, ತಿನ್ನುವ ಹುಳ ಮಾತ್ರ ಮೇಲಿರುವುದಿಲ್ಲ. ಆ ನಾಲ್ಕೈದು ತಿಂಗಳ ಕಸವನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿ ಬೇರುಸಹಿತ ಕೀಳಬೇಕು. ಜುಲೈ, ಆಗಸ್ಟ್‌ನಲ್ಲಿ ಹುಳ ಹೆಚ್ಚಿರುವ ಕಡೆಯಿಂದ ಒಂದು ಡಬ್ಬಿಯಲ್ಲಿ ಹಿಡಿದು ಇಲ್ಲದ ಕಡೆ ಬಿಡಬಹುದು. ಅದಕ್ಕೆ ಹಣ ಬೇಡ, ಪರವಾನಗಿ ಬೇಡ. ಒಡ್ಡಿನ ಮೇಲೆ ಕಳೆನಾಶಕ ಹೊಡೆಯುವವರು ಪಟ್ಟೆಹುಳ ಇರುವ ಗಿಡಗಳನ್ನು ಬಿಟ್ಟು ಹೊಡೆದರೆ ಸಾಕು.