ಕಾಮಸಮುದ್ರದ ಕಾಡಿನಲ್ಲಿ ಕಾರ್ತಿಕದೂಟ

ಬಂಗಾರಪೇಟೆ ತಾಲ್ಲೂಕಿನಲ್ಲಿ ಬೂದಿಕೋಟೆ, ಕಾಮಸಮುದ್ರ ದಾಟಿ ತಮಿಳುನಾಡಿನ ಗಡಿಯತ್ತ ಹಬ್ಬಿರುವ ಕಾಡನ್ನು ಮಲೆನಾಡಿನವರು ಕಾಡೆಂದು ಒಪ್ಪುವುದು ಕಷ್ಟ. ಕುರುಚಲು ಗಿಡ, ಜಾಲಿ, ಮುತ್ತುಗ, ಸೀತಾಫಲ, ಆನೆ ಗಾತ್ರದ ಬಂಡೆಗಳು. ಮಳೆ ಚೆನ್ನಾಗಿ ಬಿದ್ದ ವರ್ಷ ಬಂಡೆಯ ದೊಣೆಗಳಲ್ಲಿ ದೀಪಾವಳಿ ಕಳೆದರೂ ನೀರಿರುತ್ತಿತ್ತು. ನಮಗೆ ಅಷ್ಟು ಸಾಕಿತ್ತು. ಕಾರ್ತಿಕ ಮಾಸದ ಒಂದು ಭಾನುವಾರ ಬೀದಿಯ ನಾಲ್ಕಾರು ಮನೆಯವರು ಒಟ್ಟಾಗಿ ವನಭೋಜನಕ್ಕೆ ಹೊರಡುತ್ತಿದ್ದೆವು. ಈಗ ನಮ್ಮ ಬೀದಿಯಿಂದ ಯಾರೂ ಹೋಗುವುದಿಲ್ಲ.

ಮೊದಲು ನೆಲ್ಲಿಮರ ಹುಡುಕಬೇಕು. ಅಜ್ಜಿ ಅದರ ಬುಡಕ್ಕೆ ನೀರು ಚಿಮುಕಿಸಿ, ಅರಿಶಿನ ಕುಂಕುಮವಿಟ್ಟು, ನೆಲ್ಲಿಕಾಯಿ ಕೊರೆದು ತುಪ್ಪದ ಬತ್ತಿ ಹಚ್ಚುವವರೆಗೆ ಯಾರೂ ಡಬ್ಬಿಯ ಮುಚ್ಚಳ ತೆಗೆಯುವಂತಿರಲಿಲ್ಲ. ಚಿತ್ರಾನ್ನ, ಮೊಸರನ್ನ ಮನೆಯಿಂದಲೇ ಬಂದಿರುತ್ತಿದ್ದವು. ಸಾರು ಮಾತ್ರ ಅಲ್ಲೇ, ಮೂರು ಕಲ್ಲಿಟ್ಟ ಒಲೆಯ ಮೇಲೆ ಕುದಿಯಬೇಕು. ಸೌದೆ ಆಯುವುದು ಹುಡುಗರ ಪಾಲು. ಹೊಸದಾಗಿ ಕಿತ್ತ ಕಡಲೆಕಾಯನ್ನು ಕೆಂಡದಲ್ಲಿ ಸುಟ್ಟು, ಕೈ ಬಾಯಿ ಕಪ್ಪು ಮಾಡಿಕೊಂಡು ತಿನ್ನುತ್ತಿದ್ದೆವು. ಊಟ ಮುತ್ತುಗದ ಎಲೆಯಲ್ಲಿ. ಹೊರಡುವ ಮುಂಚೆ ಅಮ್ಮ ಒಲೆಗೆ ಎರಡು ಬಿಂದಿಗೆ ನೀರು ಸುರಿದು, ಬೂದಿಯನ್ನು ಕೈಯಿಂದ ಮುಟ್ಟಿ ನೋಡಿ, ತಣ್ಣಗಾಗಿದೆ ಎಂದ ಮೇಲೆಯೇ ಏಳುತ್ತಿದ್ದಳು.

ಆ ದಿನ ಕೋಲಾರದ ಚಿನ್ನದ ಗಣಿಗಳ ಊರು ಕೆ.ಜಿ.ಎಫ್‌ನಿಂದ ಮಾವನೂ ಬರುತ್ತಿದ್ದರು. ಊಟವಾದ ಮೇಲೆ ಬೆಚ್ಚಗಿನ ಬಂಡೆಯ ಮೇಲೆ ಅಂಗಾತ ಮಲಗಿಬಿಡುತ್ತಿದ್ದರು.

"ಮಾವ, ನಿದ್ದೆ ಬಂತಾ?"

"ಇಲ್ಲ ಕಣೋ. ಆಕಾಶ ನೋಡ್ತಿದೀನಿ. ಸುಮ್ನಿರು ಸ್ವಲ್ಪ ಹೊತ್ತು."

ಅವರು ಹಾಗೆ ಹೇಳಿದ್ದು ಯಾಕೆಂದು ದೊಡ್ಡವನಾದ ಮೇಲೆ ತಿಳಿಯಿತು. ಅವರು ದುಡಿಯುತ್ತಿದ್ದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಕೇಜಿನಲ್ಲಿ ನಿಂತು ಕತ್ತಲಿಗಿಳಿದು, ಬಂಡೆಯೇ ಬಿಸಿ ಉಗುಳುವ ಜಾಗದಲ್ಲಿ ಒಂದು ಪಾಳಿ ದುಡಿದು ಬರುವವರು ಅವರು. ಕೆಳಗೆ ಒತ್ತಡಕ್ಕೆ ಬಂಡೆ ಸಿಡಿದು ರಾಕ್‌ಬರ್ಸ್ಟ್ ಆದರೆ ಮೇಲೆ ಮನೆಯ ಪಾತ್ರೆಗಳು ನಡುಗುತ್ತಿದ್ದವು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ಅದು. ಆದರೂ ಅಲ್ಲಿನ ಕಾರ್ಮಿಕನಿಗೆ ಹಗಲ ಬೆಳಕು ಹಬ್ಬದಷ್ಟೇ ಅಪರೂಪ. ತಲೆಯ ಮೇಲೆ ಏನೂ ಇಲ್ಲದ ಜಾಗದಲ್ಲಿ ಒಂದು ಮಧ್ಯಾಹ್ನ ಮಲಗುವುದು ಅವರಿಗೆ ಮೋಜಲ್ಲ, ಮದ್ದು.

ಗಣಿಯ ತಮಿಳು ಮನೆಗಳವರಿಗೆ ಇಂಥದೇ ದಿನ ಪೊಂಗಲ್ ಹಬ್ಬದ ಕೊನೆಯಲ್ಲಿ ಬರುತ್ತಿತ್ತು. ಬುತ್ತಿ ಕಟ್ಟಿಕೊಂಡು ಬೇತಮಂಗಲ ಕೆರೆಯ ಏರಿಗೆ ಹೋಗುವವರು. ಪಾಲಾರ್ ನದಿಯ ಆ ಕೆರೆಯೇ ಕೆ.ಜಿ.ಎಫ್‌ಗೆ ದಶಕಗಳ ಕಾಲ ಕುಡಿಯುವ ನೀರು ಕೊಟ್ಟದ್ದು. ನಮ್ಮ ಹೈಸ್ಕೂಲಿನ ಸ್ಕೌಟ್ ಕ್ಯಾಂಪ್ ನಡೆದದ್ದೂ ಅದೇ ಕೆರೆಯ ಹತ್ತಿರ. ಡೇರೆಯ ಗೂಟ ಹೊಡೆಯುವುದನ್ನು, ರಾತ್ರಿ ಸರದಿಯ ಮೇಲೆ ಕಾವಲು ಕೂರುವುದನ್ನು ಅಲ್ಲಿ ಕಲಿತೆವು.

ಇದೆಲ್ಲ ಒಂದೇ ದಿನ ನಿಲ್ಲಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೇತಮಂಗಲ ಕೆರೆಯಲ್ಲಿ ದನ ಮೇಯುತ್ತಿದ್ದವು. 1980ರ ದಶಕದಲ್ಲಿ ಹೊಸೂರು ಕಡೆಯಿಂದ ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆಯ ಕಾಡು ಸೇರಿದವು. ಕಾಮಸಮುದ್ರ ಭಾಗ ಅವುಗಳ ಓಡಾಟದ ಹಾದಿಯಲ್ಲಿದೆ. ರಾಗಿ, ಟೊಮ್ಯಾಟೊ ಹೊಲಗಳಿಗೆ ಹಿಂಡು ನುಗ್ಗುವುದು, ಜನರ ಪ್ರಾಣ ಹೋಗುವುದು ಈಗ ಅಲ್ಲಿ ಹೊಸ ಸುದ್ದಿಯೇನಲ್ಲ. ಅಂಥ ಕಾಡಿಗೆ ಮಕ್ಕಳನ್ನು ಕರೆದೊಯ್ಯಲು ಹೆದರುವುದು ಸಹಜ.

ಆದರೂ ದೊಡ್ಡ ಪೆಟ್ಟು ಬಿದ್ದದ್ದು 2001ರಲ್ಲಿ, ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ. ಅಲ್ಲಿಯವರೆಗೆ ಗಣಿಯ ಸೈರನ್ ಇಡೀ ಊರನ್ನು ಒಟ್ಟಿಗೆ ಕೆಲಸಕ್ಕೆ ಕರೆಯುತ್ತಿತ್ತು, ಒಟ್ಟಿಗೆ ಬಿಡುತ್ತಿತ್ತು. ಸೈರನ್ ನಿಂತಿತು, ಒಟ್ಟಿಗೆ ಸಿಗುತ್ತಿದ್ದ ರಜೆಯೂ ಹೋಯಿತು. ಗಣಿ ಕಾರ್ಮಿಕರ ಮಕ್ಕಳು ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಒಬ್ಬನಿಗೆ ಭಾನುವಾರ ರಜೆ, ಇನ್ನೊಬ್ಬನಿಗೆ ಮಂಗಳವಾರ. ರಜೆ ಸಿಕ್ಕ ದಿನ ನಿದ್ದೆ ಮಾಡಿದರೆ ಸಾಕಪ್ಪಾ ಎನ್ನುವ ಆ ಹುಡುಗರನ್ನು ನಾನು ಹೇಗೆ ದೂರಲಿ? ಅಪ್ಪಂದಿರು ಭೂಮಿಯ ಕೆಳಗೆ ಕಳೆದುಕೊಂಡ ಹಗಲನ್ನು ಮಕ್ಕಳು ರೈಲಿನಲ್ಲಿ ಕಳೆದುಕೊಳ್ಳುತ್ತಿದ್ದಾರೆ. ಅಪ್ಪಂದಿರಿಗೆ ವರ್ಷಕ್ಕೊಮ್ಮೆ ಬಂಡೆಯ ಮೇಲಿನ ಆಕಾಶವಾದರೂ ಸಿಗುತ್ತಿತ್ತು.

ಇತ್ತ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಬೆಂಗಳೂರಿನಿಂದ ಜನ ಟ್ರೆಕಿಂಗ್‌ಗೆ ಬರುತ್ತಾರೆ. ಬರಲಿ, ಸಂತೋಷ. ಬಂಡೆಗಳ ಸಂದಿಯಲ್ಲಿ ಉಳಿಯುವ ಬಾಟಲಿ, ಚಿಪ್ಸ್ ಪೊಟ್ಟಣ ನೋಡಿದಾಗ ಮಾತ್ರ ಅಮ್ಮ ಬೂದಿ ಮುಟ್ಟಿ ನೋಡುತ್ತಿದ್ದುದು ಜ್ಞಾಪಕಕ್ಕೆ ಬಂದು ಹೊಟ್ಟೆ ಉರಿಯುತ್ತದೆ.

ಕಾಡಿನಲ್ಲಿ ಮತ್ತೆ ಒಲೆ ಹೂಡೋಣ ಎಂದು ನಾನು ಹೇಳುವುದಿಲ್ಲ. ಆನೆಗಳ ದಾರಿಯಲ್ಲಿ ಅದು ಸಲ್ಲದು. ನನ್ನ ಕೋರಿಕೆ ಚಿಕ್ಕದು. ಬಂಗಾರಪೇಟೆ, ಕೆ.ಜಿ.ಎಫ್‌ ಶಾಲೆಗಳ ಮೇಷ್ಟ್ರುಗಳೇ, ಕಾರ್ತಿಕದ ಒಂದು ಹಗಲು ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಡಿನ ಅಂಚಿಗಾದರೂ ಮಕ್ಕಳನ್ನು ಕರೆದೊಯ್ಯಿರಿ. ಅರಣ್ಯ ಸಿಬ್ಬಂದಿ ಜೊತೆಗಿರಲಿ, ಬುತ್ತಿ ಮನೆಯಿಂದಲೇ ಬರಲಿ, ಬಿಸಿಲಿರುವಾಗಲೇ ಎಲ್ಲರೂ ವಾಪಸಾಗಲಿ. ಇಲಾಖೆಯವರೂ ಆ ಒಂದು ದಿನಕ್ಕೆ ಇಲ್ಲ ಎನ್ನಬೇಡಿ.